ಸರೋವರದ ಸುತ್ತೋ, ದಿಣ್ಣೆ ತಗ್ಗಿನ ದಾರಿಯೋ: ಮೌಂಟನ್ ಬೈಕ್ ಸವಾರಿಗೆ ಯಾವುದನ್ನು ಆರಿಸಬೇಕು?

ನಕ್ಷೆಯಲ್ಲಿ ಎರಡು ಗೆರೆಗಳಿವೆ. ಒಂದು ಸರೋವರವನ್ನು ಬಳಸಿಕೊಂಡು ಹೊರಟಲ್ಲಿಗೇ ಬಂದು ಸೇರುತ್ತದೆ. ಇನ್ನೊಂದು ಹೊಲ, ಹುಲ್ಲುಗಾವಲು, ತೋಪುಗಳ ನಡುವೆ ದಿಣ್ಣೆ ಹತ್ತಿ, ತಗ್ಗಿಗಿಳಿದು, ಮತ್ತೆ ಹತ್ತುತ್ತದೆ. ಎರಡೂ ಮೂವತ್ತು ಕಿಲೋಮೀಟರ್. ಬಿಡುವಿರುವುದು ಒಂದೇ ದಿನ. ಯಾವುದಕ್ಕೆ ಹೋಗಲಿ ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರ ಇದು: ಹೊಸಬರಾದರೆ ಸರೋವರ, ಪಳಗಿದವರಾದರೆ ದಿಣ್ಣೆ.

ಈ ಉತ್ತರ ಅರ್ಧ ಮಾತ್ರ ಸರಿ. ಸರೋವರದ ಸುತ್ತು ಕಾಲಿಗೆ ಹಗುರ, ಒಪ್ಪೋಣ. ಆದರೆ ಅರ್ಧ ದಾಟಿದ ಮೇಲೆ ಅದನ್ನು ನಡುವೆ ಬಿಟ್ಟು ಬರುವಂತಿಲ್ಲ. ಮುಂದೆ ಹೋದರೂ ಹಿಂದೆ ಬಂದರೂ ಅಷ್ಟೇ ದೂರ, ನಡುವೆ ನೀರು. ದಿಣ್ಣೆಯ ದಾರಿ ತೊಡೆ ಉರಿಸುತ್ತದೆ, ಆದರೆ ಸಾಕೆನಿಸಿದಲ್ಲಿ ಅಡ್ಡದಾರಿ ಹಿಡಿದು ವಾಪಸಾಗಬಹುದು. ಒಂದು ದೇಹಕ್ಕೆ ಸುಲಭ, ಇನ್ನೊಂದು ತಪ್ಪು ಅಂದಾಜಿಗೆ ಉದಾರಿ. ಈ ಎರಡರಲ್ಲಿ ನಿಮಗೆ ಯಾವುದು ಹೆಚ್ಚು ಬೇಕು ಎಂಬುದೇ ನಿಜವಾದ ಆಯ್ಕೆ.

ಮೊದಲು ಏನನ್ನು ಅಳೆಯಬೇಕು

ದೂರವನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದ್ದು ಒಟ್ಟು ಏರು, ಅಂದರೆ ದಾರಿಯುದ್ದಕ್ಕೂ ಹತ್ತಬೇಕಾದ ಮೀಟರುಗಳನ್ನೆಲ್ಲ ಕೂಡಿದಾಗ ಬರುವ ಮೊತ್ತ. ಕಿಲೋಮೀಟರಿಗೆ ಸರಾಸರಿ 10 ಮೀಟರಿನೊಳಗೆ ಇದ್ದರೆ ಸಲೀಸು. 20 ದಾಟಿದರೆ ಅದು ಗುಡ್ಡದ ಸವಾರಿಯೇ. ಮೂವತ್ತು ಕಿಲೋಮೀಟರಿನ ಎರಡು ದಾರಿಗಳಲ್ಲಿ ಒಂದಕ್ಕೆ 300 ಮೀಟರ್, ಇನ್ನೊಂದಕ್ಕೆ 700 ಮೀಟರ್ ಏರಿದೆ ಎನ್ನಿ. ಸವಾರ, ಸೈಕಲ್, ಬೆನ್ನಚೀಲ ಎಲ್ಲ ಸೇರಿ 90 ಕಿಲೋ ತೂಕವಿದ್ದರೆ, ಆ ಹೆಚ್ಚುವರಿ 400 ಮೀಟರಿಗೆ ಎತ್ತಿ ಸಾಗಿಸುವುದೆಂದರೆ 120 ವಾಟ್ ಹಾಕಿ ತುಳಿಯುವವನಿಗೆ ಹತ್ತಿರ ಹತ್ತಿರ 50 ನಿಮಿಷದ ದುಡಿಮೆ. ಇಳಿಯುವಾಗ ಅದರಲ್ಲಿ ಒಂದಷ್ಟು ವಸೂಲಾಗುತ್ತದೆ. ಆದರೆ ಮಣ್ಣಿನ ಇಳಿಜಾರಿನಲ್ಲಿ ದೊಡ್ಡ ಪಾಲು ಬ್ರೇಕಿಗೂ ಗಾಳಿಗೂ ಸಂದಾಯವಾಗುತ್ತದೆ.

ಏರಿನ ಮೊತ್ತ ಎಷ್ಟು ಮುಖ್ಯವೋ ಅದು ಹೇಗೆ ಹಂಚಿಕೊಂಡಿದೆ ಎಂಬುದೂ ಅಷ್ಟೇ ಮುಖ್ಯ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿದು ಬಂದ ಸೈಕಲ್ ಪೆಡಲ್ ತುಳಿಯದೆಯೇ ಎದುರಿನ ಏರನ್ನು ಹೆಚ್ಚೆಂದರೆ ಮೂರೂವರೆ ಮೀಟರ್ ಎತ್ತರದವರೆಗೆ ಹತ್ತಬಲ್ಲದು. ಇದು ಘರ್ಷಣೆಯನ್ನು ಬಿಟ್ಟು ಹಾಕಿದ ಲೆಕ್ಕ. ನಿಜದ ನೆಲದ ಮೇಲೆ ಇನ್ನೂ ಕಡಿಮೆ. ಹಾಗಾಗಿ ಎರಡು ಮೀಟರಿನ ಸಣ್ಣ ತಗ್ಗುಗಳು ಬಿಟ್ಟಿಯಾಗಿ ದಾಟುತ್ತವೆ, ಸವಾರಿಯ ಮಜಾ ಇರುವುದೂ ಅಲ್ಲೇ. ಹದಿನೈದು ಮೀಟರಿನ ದಿಣ್ಣೆಗೆ ಮಾತ್ರ ಪೂರ್ತಿ ಬೆಲೆ ತೆರಲೇಬೇಕು. ಅದರಲ್ಲೂ ಹೊಲಗಳ ನಡುವಿನ ದಾರಿಗಳಲ್ಲಿ ಗೇಟು, ತೊರೆ, ಕಿರುಸೇತುವೆ ಇವೆಲ್ಲ ಬರುವುದು ತಗ್ಗಿನ ತಳದಲ್ಲೇ. ಅಷ್ಟು ದೂರದಿಂದ ಕೂಡಿಹಾಕಿಕೊಂಡು ಬಂದ ವೇಗವನ್ನೆಲ್ಲ ಗೇಟಿನ ಚಿಲಕದ ಮುಂದೆ ಸುರಿದು, ಹಗುರದ ಗೇರಿಗೆ ಇಳಿದು, ಸೊನ್ನೆಯಿಂದ ಹತ್ತಬೇಕು.

ಎರಡನೆಯದು ನೆಲ. ಜಲ್ಲಿಯೋ, ಜೇಡಿಯೋ, ಬೇರು ತುಂಬಿದ ಕಾಡುಮಣ್ಣೋ; ಒಣಗಿದಾಗ ಹೇಗೆ, ಮಳೆಯಾದ ಮರುದಿನ ಹೇಗೆ. ಮೂರನೆಯದು ಹೊರದಾರಿಗಳು: ಎಲ್ಲೆಲ್ಲಿ ಸವಾರಿಯನ್ನು ಮೊಟಕುಗೊಳಿಸಬಹುದು. ನಾಲ್ಕನೆಯದು ಗಾಳಿ, ನೀರಿನ ಪಕ್ಕ ಇದನ್ನು ಕಡೆಗಣಿಸಿದವರು ಮಧ್ಯಾಹ್ನದ ಮೇಲೆ ನೆನೆಸಿಕೊಳ್ಳುತ್ತಾರೆ. ಐದನೆಯದು ಆ ದಾರಿಯಲ್ಲಿ ಸೈಕಲ್‌ಗೆ ಹಕ್ಕಿದೆಯೇ, ಇದ್ದರೆ ಯಾರೊಂದಿಗೆ ಹಂಚಿಕೊಳ್ಳಬೇಕು ಎಂಬುದು. ಯಾವ ಸೈಕಲ್ ಬೇಕು, ಎಷ್ಟು ಖರ್ಚಾಗುತ್ತದೆ ಎಂಬ ಪ್ರಶ್ನೆಗಳಿಗೆ ಈ ಐದರಿಂದಲೇ ಉತ್ತರ ಸಿಗುತ್ತದೆ.

ಸರೋವರದ ಪೂರ್ತಿ ಸುತ್ತು

ಸರೋವರ ಸಮತಟ್ಟು; ಅದರ ಸುತ್ತಲಿನ ದಾರಿ ಹಾಗಿರಬೇಕೆಂದೇನಿಲ್ಲ. ದಡದ ಬಂಡೆಚಾಚು ಎದುರಾದಲ್ಲೆಲ್ಲ ದಾರಿ ಮೇಲಕ್ಕೆ ಹತ್ತಿ ಆಚೆ ಇಳಿಯುತ್ತದೆ. ಇವು ಹತ್ತಿಪ್ಪತ್ತು ಮೀಟರಿನ ಚುಟುಕು ಏರುಗಳು, ಆದರೆ ಕಡಿದು. ಒಟ್ಟು ಏರು ಕಡಿಮೆ ಎಂದು ತೋರಿಸುವ ಆಪ್ ಇಂಥವನ್ನು ಎಷ್ಟೋ ಸಲ ಸವರಿ ಚಪ್ಪಟೆ ಮಾಡಿಬಿಟ್ಟಿರುತ್ತದೆ. ನಕ್ಷೆಯಲ್ಲಿ ಸಮೋನ್ನತಿ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳನ್ನು, ದಾರಿ ಎಷ್ಟು ಸಲ ದಾಟುತ್ತದೆಂದು ನೀವೇ ಎಣಿಸಿ ನೋಡುವುದು ವಾಸಿ.

ನೈಸರ್ಗಿಕ ಸರೋವರವೋ ಅಣೆಕಟ್ಟಿನ ಜಲಾಶಯವೋ ಎಂಬುದರಿಂದಲೂ ದಾರಿಯ ಗುಣ ಬದಲಾಗುತ್ತದೆ. ಜಲಾಶಯವೆಂದರೆ ಮುಳುಗಿದ ಕಣಿವೆ. ಕಣಿವೆಗೆ ಬಂದು ಸೇರುತ್ತಿದ್ದ ಒಂದೊಂದು ಹಳ್ಳವೂ ಈಗ ನೀರಿನ ಒಂದೊಂದು ಬೆರಳು. ದಾರಿ ಪ್ರತಿ ಬೆರಳಿನ ತುದಿಯವರೆಗೆ ಒಳಗೆ ಹೋಗಿ ಹೊರಗೆ ಬರಬೇಕು. ಎದುರು ದಡದಲ್ಲಿ ಕೂಗಿದರೆ ಕೇಳಿಸುವಷ್ಟು ಹತ್ತಿರ ಕಾಣುವ ಮರವನ್ನು ಮುಟ್ಟಲು ಮೂರ್ನಾಲ್ಕು ಕಿಲೋಮೀಟರ್ ತುಳಿಯಬೇಕಾದೀತು. ಉತ್ತರ ಇಂಗ್ಲೆಂಡಿನ ಕೀಲ್ಡರ್ ಜಲಾಶಯದ ಸುತ್ತಲಿನ ಲೇಕ್‌ಸೈಡ್ ವೇ ಸುಮಾರು 42 ಕಿಲೋಮೀಟರ್ ಆಗಿರುವುದಕ್ಕೆ ಇಂಥ ಅಂಕುಡೊಂಕೂ ಒಂದು ಕಾರಣ. ಅದೇ ದೇಶದ ರಟ್‌ಲೆಂಡ್ ವಾಟರ್ ಇನ್ನೊಂದು ಬಗೆ: ಮುಖ್ಯ ಸುತ್ತು ಸುಮಾರು 27 ಕಿಲೋಮೀಟರ್, ನೀರಿನೊಳಕ್ಕೆ ಚಾಚಿದ ಹ್ಯಾಂಬಲ್ಟನ್ ಪರ್ಯಾಯ ದ್ವೀಪವನ್ನೂ ಸೇರಿಸಿಕೊಂಡರೆ 37. ಈ ಹತ್ತು ಕಿಲೋಮೀಟರನ್ನು ಸೇರಿಸಬೇಕೋ ಬೇಡವೋ ಎಂದು ಕಾಲಿನ ಸ್ಥಿತಿ ನೋಡಿಕೊಂಡು ಅಲ್ಲೇ ತೀರ್ಮಾನಿಸಬಹುದು. ನಿಮ್ಮ ನಕ್ಷೆಯ ಸರೋವರದಲ್ಲೂ ಇಂಥ ಕಿವಿಯೊಂದು ಇದೆಯೇ ಎಂದು ಹುಡುಕಿ. ಇದ್ದರೆ ಪೂರ್ತಿ ಸುತ್ತಿನ ಬಿಗಿ ಎಷ್ಟೋ ಸಡಿಲವಾಗುತ್ತದೆ.

ನೀರು ಇಳಿದಾಗ ಜಲಾಶಯದ ಅಂಚಿನಲ್ಲಿ ನುಣ್ಣನೆಯ, ಬಿರುಕು ಬಿಟ್ಟ, ಗಟ್ಟಿಯಾಗಿ ಕಾಣುವ ನೆಲ ತೆರೆದುಕೊಳ್ಳುತ್ತದೆ. ಬಳಸುದಾರಿ ಉಳಿಸಲು ಅದರ ಮೇಲೆ ಇಳಿಯುವ ಆಸೆಯಾಗುತ್ತದೆ. ಬೇಡ. ಮೇಲಿನ ಹೊಪ್ಪಳೆ ಒಡೆದರೆ ಕೆಳಗಿರುವುದು ಹೂಳು. ಇನ್ನು ಅಣೆಕಟ್ಟಿನ ಏರಿಯ ಮೇಲೆ ದಾರಿ ಇದ್ದ ಮಾತ್ರಕ್ಕೆ ಅದು ತೆರೆದಿರುತ್ತದೆಂದಲ್ಲ. ಏರಿ ಮುಚ್ಚಿದ್ದರೆ ಸುತ್ತು ಕೂಡುವುದೇ ಇಲ್ಲ, ಆದ್ದರಿಂದ ಅದೊಂದನ್ನು ಮುಂಚೆಯೇ ವಿಚಾರಿಸಿಕೊಳ್ಳಿ.

ಈಗ ಗಾಳಿ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ನೀರಿನ ಕಡೆಯಿಂದ ಗಾಳಿ ನುಗ್ಗುತ್ತದೆ. ದೊಡ್ಡ ಸರೋವರಗಳಲ್ಲಿ ಇದು ದಿನಚರಿಯೇ. ಇಟಲಿಯ ಗಾರ್ಡಾ ಸರೋವರದಲ್ಲಿ ಬೆಳಗಿನ ಉತ್ತರದ ಗಾಳಿಗೆ ಪೆಲೆರ್, ಮಧ್ಯಾಹ್ನದ ದಕ್ಷಿಣದ ಗಾಳಿಗೆ ಓರಾ ಎಂದು ಹೆಸರಿಟ್ಟೇ ಕರೆಯುತ್ತಾರೆ. ಸುತ್ತು ಹಾಕುವವರಿಗೆ ಎದುರುಗಾಳಿ ಒಂದು ಕಡೆ ಕಾಡಿದರೆ ಇನ್ನೊಂದು ಕಡೆ ಹಿಂಗಾಳಿ ಸಿಕ್ಕು ಲೆಕ್ಕ ಸರಿಹೋಗುತ್ತದೆ ಎಂದುಕೊಳ್ಳುವುದು ಸಹಜ. ಸರಿಹೋಗುವುದಿಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅಂದರೆ ಮೈಗೆ ಬಡಿಯುವ ಗಾಳಿಯ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ 15 ಕಿಲೋಮೀಟರಿನ ಎದುರುಗಾಳಿ ಬಡಿದರೆ, ಅದೇ ವೇಗ ಉಳಿಸಿಕೊಳ್ಳಲು ಅವನು ಎದುರಿಸಬೇಕಾದ ತಡೆ ಮೂರು ಪಟ್ಟು. ಯಾರೂ ಆ ವೇಗ ಉಳಿಸಿಕೊಳ್ಳುವುದಿಲ್ಲ. ನಿಧಾನವಾಗುತ್ತಾರೆ, ಹಾಗಾಗಿ ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚು. ಮರಗಳಿಲ್ಲದ ಬಯಲು ದಡವನ್ನು ಬೆಳಗಿನ ಹೊತ್ತಿಗೆ, ಮರದ ನೆರಳಿನ ದಡವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಎಡಕ್ಕೆ ಸುತ್ತುವುದೋ ಬಲಕ್ಕೋ? ಪೂರ್ತಿ ಮಣ್ಣಿನ ದಾರಿಯಾದರೆ ಗಾಳಿ ನೋಡಿಕೊಂಡು ಹೊರಡಿ. ನಡುನಡುವೆ ವಾಹನ ಓಡಾಡುವ ರಸ್ತೆ ಸೇರಿಕೊಂಡರೆ ನೀರು ನಿಮ್ಮ ಅಂಚಿನ ಕಡೆ ಇರುವ ದಿಕ್ಕು ಒಳ್ಳೆಯದು. ಜಪಾನಿನಲ್ಲಿ ವಾಹನ ಎಡಗಡೆ ಓಡುತ್ತದೆ, ಅದಕ್ಕೇ ಸುಮಾರು 200 ಕಿಲೋಮೀಟರಿನ ಬಿವಾ ಸರೋವರದ ಸುತ್ತನ್ನು ಅಲ್ಲಿ ಅಪ್ರದಕ್ಷಿಣವಾಗಿ ಹಾಕಿ ಎನ್ನುತ್ತಾರೆ. ನೀರಿನ ಬದಿಗೆ ಇಳಿದು ನಿಲ್ಲಬೇಕೆನಿಸಿದಾಗ ಎದುರು ಬರುವ ವಾಹನಗಳನ್ನು ದಾಟುವ ಗೋಜಿಲ್ಲ.

ಸೈಕಲ್‌ನ ವಿಷಯಕ್ಕೆ ಬಂದರೆ ಇದು ಅಗ್ಗದ ಆಯ್ಕೆ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸಾದಾ ಹಾರ್ಡ್‌ಟೇಲ್ ಸಾಕು. ಜಲ್ಲಿ ಚೆನ್ನಾಗಿ ಕೂತಿದ್ದರೆ ಗ್ರ್ಯಾವಲ್ ಬೈಕ್, ಅಂದರೆ ರಸ್ತೆ ಸೈಕಲ್ಲಿನಂತಿದ್ದು ಅಗಲ ಟೈರಿರುವ ಸೈಕಲ್, ಕೂಡ ನಡೆಯುತ್ತದೆ. ಮಕ್ಕಳು, ನಡೆಯುವವರು, ನಾಯಿಗಳು ಹೆಚ್ಚಿರುವ ದಾರಿಯಾದ್ದರಿಂದ ಸೈಕಲ್‌ಗೆ ಗಂಟೆ ಇರಲಿ. ಜೌಗು ನೆಲದ ಮೇಲೆ ಹಾಸಿದ ಹಲಗೆದಾರಿ ತೇವವಾಗಿದ್ದರೆ ಅದರ ಮೇಲೆ ಬ್ರೇಕನ್ನೂ ಹಿಡಿಯಬೇಡಿ, ಹ್ಯಾಂಡಲನ್ನೂ ತಿರುಗಿಸಬೇಡಿ. ವೇಗವನ್ನು ಹಲಗೆಗೆ ಮುಂಚೆಯೇ ಇಳಿಸಿ ನೆಟ್ಟಗೆ ದಾಟಿ.

ಅರ್ಧ ದಾಟುವ ತೀರ್ಮಾನವನ್ನು ಗಡಿಯಾರಕ್ಕೆ ಬಿಡಿ. ದಾರಿಯ ಮೂರನೇ ಒಂದು ಭಾಗ ಮುಗಿದಾಗ ನಿಮ್ಮ ಹೊತ್ತಿನ ಮೂರನೇ ಒಂದಕ್ಕಿಂತ ಹೆಚ್ಚು ಖರ್ಚಾಗಿದ್ದರೆ ಅಲ್ಲೇ ತಿರುಗಿ. ಆಗ ತಿರುಗಿದವರಿಗೆ ಉಳಿತಾಯವಿದೆ. ನಡುದಾರಿಯಲ್ಲಿ ತಿರುಗಿದವರಿಗೆ ಏನೂ ಇಲ್ಲ.

ದಿಣ್ಣೆ ತಗ್ಗಿನ ಗ್ರಾಮಾಂತರ ದಾರಿ

ಇಲ್ಲಿ ಏರು ಒಂದೇ ಸಲ ಬಂದು ಮುಗಿಯುವುದಿಲ್ಲ. ದೊಡ್ಡ ಬೆಟ್ಟವಾದರೆ ಒಂದು ಗಂಟೆ ಹತ್ತಿ, ಮೇಲೆ ಕೂತು ದಣಿವಾರಿಸಿಕೊಂಡು, ಇಳಿದು ಬರಬಹುದು. ದಿಣ್ಣೆಯ ದಾರಿ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೇಳುತ್ತದೆ. ಮೊದಲ ಎರಡು ದಿಣ್ಣೆಗಳಿಗೆ ಪೌರುಷ ತೋರಿಸಿ ದೊಡ್ಡ ಗೇರಿನಲ್ಲಿ ನಿಂತು ತುಳಿದವರು ಆಮೇಲಿನ ಆರಕ್ಕೆ ಸೈಕಲ್ ತಳ್ಳಿಕೊಂಡು ಹತ್ತುತ್ತಾರೆ. ತಗ್ಗಿನ ತಳ ಮುಟ್ಟುವ ಮೊದಲೇ ಗೇರ್ ಇಳಿಸುವುದು ಇಲ್ಲಿ ಕಲಿಯಬೇಕಾದ ಮುಖ್ಯ ಕಸುಬು. ಏರಿನ ಮೇಲೆ ಬಲ ಹಾಕುತ್ತಲೇ ಗೇರ್ ಬದಲಿಸಿದರೆ ಚೈನ್ ಕಟಕಟನೆ ಹಾರುತ್ತದೆ, ಒಮ್ಮೊಮ್ಮೆ ತುಂಡಾಗುವುದೂ ಉಂಟು.

ಈ ಬಗೆಯ ದಾರಿಗೆ ಚೆನ್ನಾದ ಉದಾಹರಣೆ ದಕ್ಷಿಣ ಇಂಗ್ಲೆಂಡಿನ ಸೌತ್ ಡೌನ್ಸ್ ವೇ: ವಿಂಚೆಸ್ಟರಿನಿಂದ ಈಸ್ಟ್‌ಬೋರ್ನ್‌ವರೆಗೆ ಸುಮಾರು 160 ಕಿಲೋಮೀಟರ್. ದಿಬ್ಬಸಾಲಿನ ನೆತ್ತಿಯ ಮೇಲೇ ಸಾಗುವುದರಿಂದ ಸಮತಟ್ಟಾಗಿರಬೇಕೆಂದು ತೋರುತ್ತದೆ. ಆದರೆ ಆರನ್, ಅಡರ್, ಊಸ್, ಕಕ್‌ಮಿಯರ್ ನದಿಗಳು ಆ ಸಾಲನ್ನು ಕೊರೆದುಕೊಂಡು ಸಮುದ್ರಕ್ಕೆ ಹೋಗಿವೆ. ಒಂದೊಂದು ನದಿಗೂ ಪೂರ್ತಿ ಇಳಿದು ಪೂರ್ತಿ ಹತ್ತಬೇಕು. ನೆಲ ಸುಣ್ಣಕಲ್ಲಿನದು. ಒಣಗಿದ್ದಾಗ ರಸ್ತೆಯಷ್ಟೇ ವೇಗ, ಒದ್ದೆಯಾದಾಗ ಬೆಣ್ಣೆ ಸವರಿದಂತೆ ಜಾರು. ಅದರೊಳಗೆ ಹುದುಗಿರುವ ಚಕಮಕಿ ಕಲ್ಲು ಒಡೆದರೆ ಬ್ಲೇಡಿನಂಥ ಅಂಚು. ಟೈರಿನ ನಡುಭಾಗಕ್ಕಿಂತ ಪಕ್ಕದ ತೆಳುಗೋಡೆಯನ್ನೇ ಅದು ಸೀಳುವುದು. ಟ್ಯೂಬ್‌ಲೆಸ್ ಟೈರಿನ ದ್ರವ ಮುಳ್ಳಿನ ತೂತನ್ನು ಮುಚ್ಚುತ್ತದೆ, ಸೀಳನ್ನು ಮುಚ್ಚುವುದಿಲ್ಲ. ಕಲ್ಲು ಚೂಪಾಗಿರುವ ಯಾವ ಸೀಮೆಗೆ ಹೋದರೂ ಬದಲಿ ಟ್ಯೂಬ್ ಜೊತೆಗೆ ಸೀಳಿನ ಒಳಗೆ ಇಡಲು ಹಳೇ ಟೈರಿನ ತುಂಡೊಂದು ಚೀಲದಲ್ಲಿರಲಿ.

ಜೇಡಿಮಣ್ಣಿನ ಸೀಮೆಯಾದರೆ ಕತೆಯೇ ಬೇರೆ. ಮಳೆಯಾದ ಮರುದಿನ ಚಕ್ರಕ್ಕೆ ಮೆತ್ತಿದ ಮಣ್ಣು ಮೇಲೆ ಹೋಗಿ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕಮಾನಿನಡಿ ಸಿಕ್ಕಿಕೊಳ್ಳುತ್ತದೆ, ಅದರ ಮೇಲೆ ಹುಲ್ಲು ಅಂಟುತ್ತದೆ, ಮತ್ತೆ ಮಣ್ಣು. ನೂರು ಮೀಟರ್ ಹೋಗುವಷ್ಟರಲ್ಲಿ ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಕಡ್ಡಿಯಿಂದ ಕೆರೆದು ತೆಗೆದು ಇನ್ನೊಂದು ನೂರು ಮೀಟರ್. ಇಂಥ ದಿನ ಸರೋವರದ ಜಲ್ಲಿದಾರಿಗೆ ಎದುರು ಮಾತೇ ಇಲ್ಲ. ನಿಮ್ಮ ಅನುಕೂಲ ಒಂದು ಕಡೆ. ಮೆತ್ತಗಿರುವ ಮಣ್ಣಿನಲ್ಲಿ ಟೈರ್ ಕೊರೆದ ಗೀರೇ ಮುಂದಿನ ಮಳೆಗೆ ನೀರಿನ ಕಾಲುವೆಯಾಗಿ, ಆಮೇಲೆ ಕೊರಕಲಾಗುತ್ತದೆ. ಇಳಿಜಾರಿನಲ್ಲಿ ನೆಟ್ಟಗೆ ಕೆಳಗಿಳಿಯುವ ದಾರಿಗಳು ಹೀಗೆ ಬೇಗ ಹಾಳಾಗುತ್ತವೆ, ಗುಡ್ಡವನ್ನು ಅಡ್ಡಲಾಗಿ ಸುತ್ತುವ ದಾರಿಗಳು ಬಾಳುತ್ತವೆ. ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು ಎಂಬುದು ಸೈಕಲ್ ದಾರಿ ಕಡಿಯುವವರ ನಿಯಮ. ನಕ್ಷೆಯಲ್ಲಿ ಸಮೋನ್ನತಿ ರೇಖೆಗಳನ್ನು ಲಂಬವಾಗಿ ಸೀಳಿಕೊಂಡು ಹೋಗುವ ದಾರಿ ಕಂಡರೆ ಅಲ್ಲಿ ಕೊರಕಲನ್ನು ನಿರೀಕ್ಷಿಸಿ.

ಹಕ್ಕಿನ ಪ್ರಶ್ನೆ ಇಲ್ಲಿ ಹೆಚ್ಚು ತೊಡಕಿನದು, ಏಕೆಂದರೆ ದಾರಿ ಹಾಯುವುದು ಯಾರದೋ ಹೊಲದಲ್ಲಿ. ಇಂಗ್ಲೆಂಡಿನಲ್ಲಿ 1968ರ ಕಾಯಿದೆ ಕುದುರೆದಾರಿಗಳಲ್ಲಿ ಸೈಕಲ್‌ಗೆ ಅವಕಾಶ ಕೊಟ್ಟಿತು, ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕೆಂಬ ಷರತ್ತಿನ ಮೇಲೆ. ಬರೀ ಕಾಲುದಾರಿಗಳಿಗೆ ಆ ಅವಕಾಶವಿಲ್ಲ. ಪಕ್ಕದ ಸ್ಕಾಟ್ಲೆಂಡಿನಲ್ಲಿ 2003ರ ಕಾಯಿದೆಯ ಪ್ರಕಾರ ಜವಾಬ್ದಾರಿಯಿಂದ ನಡೆದುಕೊಂಡರೆ ಬಹುತೇಕ ಎಲ್ಲ ಕಡೆ ಹೋಗಬಹುದು. ಗಡಿ ದಾಟಿದರೆ ನಿಯಮವೇ ಬೇರೆ ಎಂದಾದ ಮೇಲೆ ಆಯಾ ಸ್ಥಳದ್ದನ್ನು ವಿಚಾರಿಸದೆ ಹೊರಡುವುದು ತರವಲ್ಲ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ದನ ಕುರಿಗಳ ನಡುವೆ ಇಳಿದು ನಡೆಯಿರಿ.

ಇಷ್ಟೆಲ್ಲ ಇದ್ದರೂ ಈ ದಾರಿಯ ದೊಡ್ಡ ಗುಣ ಮೊದಲೇ ಹೇಳಿದ್ದು: ಪ್ರತಿ ಮೂರ್ನಾಲ್ಕು ಕಿಲೋಮೀಟರಿಗೆ ಒಂದು ಬಂಡಿಜಾಡೋ ಊರದಾರಿಯೋ ಅಡ್ಡ ಬರುತ್ತದೆ. ಚೈನ್ ತುಂಡಾಗಲಿ, ಮೋಡ ಕವಿಯಲಿ, ಜೊತೆಗಾರನಿಗೆ ಸಾಕಾಗಲಿ, ಬಿಟ್ಟು ಬರಬಹುದು. ತನಗೆಷ್ಟು ದೂರ ಸಾಧ್ಯ ಎಂದು ಇನ್ನೂ ಗೊತ್ತಿಲ್ಲದ ಹೊಸಬನಿಗೆ, ನನ್ನನ್ನು ಕೇಳಿದರೆ, ಎರಡು ದಿಣ್ಣೆಯ ಸಣ್ಣ ಗ್ರಾಮಾಂತರ ದಾರಿಯೇ ದೊಡ್ಡ ಸರೋವರದ ಸುತ್ತಿಗಿಂತ ಮೇಲು.

ಸೈಕಲ್‌ಗೆ ಇಲ್ಲಿ ಖರ್ಚು ಮಾಡುವುದಾದರೆ ಹಿಂದಿನ ಸಸ್ಪೆನ್ಷನ್‌ಗಿಂತ ಮೊದಲು ಹಗುರದ ಗೇರ್ ಸಾಲು, ಒಳ್ಳೆಯ ಡಿಸ್ಕ್ ಬ್ರೇಕ್, ಗಟ್ಟಿ ಟೈರುಗಳ ಮೇಲೆ ಮಾಡಿ. ಫುಲ್ ಸಸ್ಪೆನ್ಷನ್ ಬೇಕಾಗುವುದು ಬೇರು ಬಂಡೆಗಳ ನೆಲಕ್ಕೆ; ಹೊಲದ ದಾರಿಗೆ ಅದು ಬರೀ ಭಾರ. ಒಂದೆರಡು ಸವಾರಿಯ ಮಟ್ಟಿಗಾದರೆ ಬಾಡಿಗೆಗೆ ತೆಗೆದುಕೊಳ್ಳುವುದೇ ಜಾಣತನ. ಎಲೆಕ್ಟ್ರಿಕ್ ಸೈಕಲ್ ಇದ್ದವರು ನೆನಪಿಡಿ: ಬ್ಯಾಟರಿ ತಿನ್ನುವುದು ಏರು ಮತ್ತು ಎದುರುಗಾಳಿ, ಬರೀ ದೂರವಲ್ಲ.

ಎತ್ತರದಿಂದ ಸರೋವರ

ದಡಕ್ಕೆ ಇಳಿಯದೆ, ಮೇಲಿನ ಗುಡ್ಡದ ಮಗ್ಗುಲಲ್ಲಿ ನೀರನ್ನು ನೋಡುತ್ತ ಸಾಗುವ ದಾರಿಗಳೂ ಇವೆ. ನೋಟದ ಮಟ್ಟಿಗೆ ಇವಕ್ಕೆ ಸಾಟಿಯಿಲ್ಲ. ಅಮೆರಿಕದ ಟಾಹೋ ಸರೋವರದ ಫ್ಲೂಮ್ ಟ್ರೇಲ್ ಇಂಥದ್ದು. ಹತ್ತೊಂಬತ್ತನೇ ಶತಮಾನದಲ್ಲಿ ನೀರು ಹರಿಸಲು ಕಟ್ಟಿದ್ದ ತೊಟ್ಟಿಯಂಥ ಕಾಲುವೆಯ ಜಾಡಿನಲ್ಲಿ ಅದರ ಮುಖ್ಯ ಭಾಗ ಹೋಗುತ್ತದೆ. ನೀರು ಮೆಲ್ಲಗೆ ಹರಿಯಬೇಕಿದ್ದ ದಾರಿಯಾದ್ದರಿಂದ ಹೆಚ್ಚುಕಡಿಮೆ ಮಟ್ಟಸ. ತುಳಿಯಲು ಸುಲಭ, ಆದರೆ ಇಕ್ಕಟ್ಟು, ಒಂದು ಮಗ್ಗುಲು ಪ್ರಪಾತ. ತಲೆ ಸುತ್ತುವವರಿಗೆ ಹೇಳಿದ್ದಲ್ಲ. ಅಲ್ಲಿಗೆ ಮುಟ್ಟುವ ಏರು ಬೇರೆ ಇದೆ. ಇಂಥ ದಾರಿಗಳು ಒಂದು ತುದಿಯಿಂದ ಹೊರಟು ಇನ್ನೊಂದು ತುದಿಯಲ್ಲಿ ಮುಗಿಯುವುದರಿಂದ ಸೈಕಲ್ ಸಮೇತ ವಾಪಸು ಕರೆತರುವ ಬಂಡಿಗೆ ಹಣ ತೆರಬೇಕು. ನ್ಯೂಜಿಲೆಂಡಿನ ಟೌಪೊ ಸರೋವರದ 71 ಕಿಲೋಮೀಟರಿನ ಗ್ರೇಟ್ ಲೇಕ್ ಟ್ರೇಲ್‌ನ ಒಂದು ಭಾಗಕ್ಕಂತೂ ದೋಣಿಯನ್ನೇ ಗೊತ್ತು ಮಾಡಿಕೊಳ್ಳುವುದು ರೂಢಿ. ದೋಣಿ ಬರುವ ಹೊತ್ತು ಹಿಡಿಯಲೇಬೇಕಾದ ಸವಾರಿಯಲ್ಲಿ ನಿಂತು ನೋಡುವ ಸುಖ ಕಡಿಮೆ.

ನಿಯಮಗಳೂ ಬಿಗಿ. ಟಾಹೋ ಸುತ್ತಲಿನ ಸುಮಾರು 265 ಕಿಲೋಮೀಟರಿನ ರಿಮ್ ಟ್ರೇಲ್‌ನಲ್ಲಿ ಕೆಲವು ಭಾಗಗಳಿಗೆ ಸೈಕಲ್‌ಗೆ ಪ್ರವೇಶವೇ ಇಲ್ಲ, ಒಂದು ಭಾಗದಲ್ಲಿ ಸಮಸಂಖ್ಯೆಯ ತಾರೀಖುಗಳಲ್ಲಿ ಮಾತ್ರ ಅವಕಾಶ. ದಾರಿಯ ಕಷ್ಟ ಎಷ್ಟೆಂದು ತೋರಿಸುವ ಬಣ್ಣದ ಗುರುತುಗಳನ್ನು ನಂಬುವಾಗಲೂ ಎಚ್ಚರ: ಬ್ರಿಟನ್ನಿನಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಕಷ್ಟ ಏರುತ್ತದೆ, ಉತ್ತರ ಅಮೆರಿಕದಲ್ಲಿ ನೀಲಿಯ ನಂತರ ನೇರ ಕಪ್ಪು. ಹಾಗಾಗಿ ಅಮೆರಿಕದ ನೀಲಿಯೊಳಗೆ ಬ್ರಿಟನ್ನಿನ ಕೆಂಪೂ ಅಡಗಿರಬಹುದು.

ಅರ್ಧ ಸರೋವರ, ಅರ್ಧ ದಿಣ್ಣೆ

ಯಾವುದೊಂದನ್ನೂ ಬಿಡಲಾಗದವರಿಗೆ, ಮತ್ತು ಬಹುಪಾಲು ಜನಕ್ಕೆ, ನಾನು ಹೇಳುವುದು ಇದನ್ನೇ. ಸರೋವರದ ಒಂದು ದಡ ಹಿಡಿದು, ಅರ್ಧಕ್ಕೆ ಬಿಟ್ಟು, ಹಿಂದಿನ ದಿಣ್ಣೆಗಳ ಮೇಲಿಂದ ಹೊರಟಲ್ಲಿಗೆ ವಾಪಸು. ಹೊರದಾರಿಗಳೂ ಇರುತ್ತವೆ, ನೀರೂ ಸಿಗುತ್ತದೆ, ಬಂಡಿಯ ಖರ್ಚಿಲ್ಲ, ಹಾರ್ಡ್‌ಟೇಲ್ ಸಾಕು.

ಯಾವುದು ಮೊದಲು ಎಂಬುದೊಂದೇ ಇಲ್ಲಿನ ಜಿಜ್ಞಾಸೆ. ದಿಣ್ಣೆಗಳನ್ನು ಮೊದಲು ಮುಗಿಸಿದರೆ ಕಾಲು ತಾಜಾ ಇರುವಾಗಲೇ ಏರು ತೀರುತ್ತದೆ. ದಣಿದ ಕೈಯಲ್ಲಿ ಬ್ರೇಕ್ ಹಿಡಿದು ಕಡಿದಾದ ಇಳಿಜಾರು ಇಳಿಯುವ ಅಪಾಯವೂ ತಪ್ಪುತ್ತದೆ. ಆದರೆ ಆಗ ದಡದ ದಾರಿ ಮಧ್ಯಾಹ್ನದ ಗಾಳಿಗೆ ಸಿಕ್ಕುತ್ತದೆ. ಸಣ್ಣ ಸರೋವರ, ಮರಗಳಿರುವ ದಡ ಎಂದಾದರೆ ದಿಣ್ಣೆ ಮೊದಲು. ದೊಡ್ಡ ನೀರು, ಬೋಳು ದಡ, ಗಾಳಿಯ ಸೀಮೆ ಎಂದಾದರೆ ಬೆಳಗ್ಗೆಯೇ ದಡ ಮುಗಿಸಿ, ದಿಣ್ಣೆಗಳನ್ನು ನಿಧಾನವಾಗಿ ಹತ್ತಿ.

ಚಿಕ್ಕ ಮಕ್ಕಳಿದ್ದರೆ ಈ ಯಾವುದೂ ಬೇಡ. ದಡದ ದಾರಿಯಲ್ಲಿ ಎದುರುಗಾಳಿಯ ದಿಕ್ಕಿಗೆ ಐದಾರು ಕಿಲೋಮೀಟರ್ ಹೋಗಿ, ಅದೇ ದಾರಿಯಲ್ಲಿ ಹಿಂಗಾಳಿಗೆ ವಾಪಸು ಬನ್ನಿ. ಮಗು ಎಲ್ಲಿ ಸಾಕೆಂದರೂ ಅಲ್ಲಿಂದಲೇ ತಿರುಗಬಹುದು, ಬರುವಾಗ ಗಾಳಿಯೇ ತಳ್ಳುತ್ತದೆ. ಬೇರೆ ಬೇರೆ ತಾಕತ್ತಿನ ಗುಂಪಿಗೂ ಇದೇ ಉಪಾಯ ಇನ್ನೊಂದು ರೂಪದಲ್ಲಿ ಒದಗುತ್ತದೆ: ಎಲ್ಲರೂ ದಡದಲ್ಲಿ ಒಟ್ಟಿಗೆ ಹೊರಡಿ, ಕಸುವಿದ್ದವರು ನಡುವೆ ಒಂದು ದಿಣ್ಣೆ ಹತ್ತಿಳಿದು ಮುಂದಿನ ಕವಲಿನಲ್ಲಿ ಕೂಡಿಕೊಳ್ಳಲಿ. ಯಾವ ಕವಲು, ಎಷ್ಟು ಹೊತ್ತಿಗೆ ಎಂಬುದನ್ನು ಹೊರಡುವ ಮೊದಲೇ ಮಾತಾಡಿಕೊಂಡು, ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕ್ಷೆಯನ್ನು ಇಬ್ಬರ ಫೋನಿನಲ್ಲಾದರೂ ಇಳಿಸಿಕೊಂಡಿರಿ.